ಅಪ್ಪನ ಗೆಜೆಲ್‌ಗೆ ಗುಜರಿ ರೇಟು, ಎದುರು ಮನೆ ಬೆಂಜ್‌ಗೆ ಲಕ್ಷಗಟ್ಟಲೆ: ಯಾಕೆ ಹೀಗೆ?

ಪ್ರಶ್ನೆ: ಸರ್, ನಮ್ಮದು ಹಾಸನ ಜಿಲ್ಲೆಯ ಒಂದು ಹಳ್ಳಿ. ಅಪ್ಪನ ಹತ್ತಿರ 1974ರ ಸ್ಟ್ಯಾಂಡರ್ಡ್ ಗೆಜೆಲ್ ಕಾರು ಇತ್ತು. ಅಪ್ಪ ತೀರಿಕೊಂಡು ಆರು ವರ್ಷ ಆಯಿತು. ಅವತ್ತಿನಿಂದ ಕಾರು ಕಾಫಿ ಕಣದ ಪಕ್ಕದ ಶೆಡ್ಡಿನಲ್ಲೇ ನಿಂತಿದೆ. ಮೊನ್ನೆ ಗುಜರಿಯವನೊಬ್ಬ ಬಂದು ಕಬ್ಬಿಣದ ತೂಕಕ್ಕೆ ಕೇಳಿದ. ಅದೇ ತಿಂಗಳು ಎದುರು ಮನೆಯವರು ತಮ್ಮ 1984ರ ಬೆಂಜ್ ಕಾರನ್ನು ಬೆಂಗಳೂರಿನವರಿಗೆ ಲಕ್ಷಗಟ್ಟಲೆ ದುಡ್ಡಿಗೆ ಕೊಟ್ಟರು. ನಮ್ಮದು ಅದಕ್ಕಿಂತ ಹತ್ತು ವರ್ಷ ಹಳೆಯದು. ಸುತ್ತಮುತ್ತ ಎಲ್ಲೂ ಇನ್ನೊಂದು ಇಲ್ಲ. ಆದರೂ ಯಾಕೆ ಯಾರಿಗೂ ಬೇಡ? ‘ಕೊಟ್ಟು ಕೈ ತೊಳ್ಕೋ’ ಅಂತ ಭಾವ ಹೇಳ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಗುಜರಿಯವನಿಗೆ ‘ಆಮೇಲೆ ನೋಡೋಣ’ ಅಂತ ಹೇಳಿ ಕಳಿಸಿಬಿಡಿ. ಆರು ವರ್ಷ ನಿಂತ ಕಾರು ಇನ್ನೊಂದು ತಿಂಗಳು ನಿಂತರೆ ಏನೂ ಆಗುವುದಿಲ್ಲ. ಗ್ಯಾಸ್ ಕಟರ್ ಕೆಳಗೆ ಹೋದರೆ ಮಾತ್ರ ಅರ್ಧ ದಿನದಲ್ಲಿ ಕಥೆ ಮುಗಿಯುತ್ತದೆ.

ಹಳೇ ಕಾರುಗಳನ್ನು ಬಿಚ್ಚಿ ಜೋಡಿಸುವ ಕೆಲಸದಲ್ಲಿ ನಾನು ಮೂವತ್ತು ವರ್ಷದಿಂದ ಇದ್ದೇನೆ. ನಿಮ್ಮ ಥರದ ಫೋನು ತಿಂಗಳಿಗೆ ಒಂದೆರಡಾದರೂ ಬರುತ್ತದೆ. ಎಲ್ಲರೂ ಹೇಳುವುದು ಎರಡೇ ಮಾತು. ‘ಸರ್, ತುಂಬಾ ಹಳೇದು.’ ‘ಸರ್, ಇಡೀ ಜಿಲ್ಲೆಗೆ ಒಂದೇ ಇರೋದು.’ ಕೇಳೋಕೆ ಬೇಜಾರಾಗಬಹುದು, ಆದರೆ ಈ ಎರಡು ಮಾತನ್ನು ನಂಬಿ ಯಾರೂ ದುಡ್ಡು ಬಿಚ್ಚುವುದಿಲ್ಲ.

ಎದುರು ಮನೆಯವರ 1984ರ ಬೆಂಜ್ ಅಂದರೆ ಅದು ಡಬ್ಲ್ಯು 123 ಇರಬೇಕು. 1976ರಿಂದ 86ರ ತನಕ ಆ ಮಾಡೆಲ್ ಸುಮಾರು 27 ಲಕ್ಷ ತಯಾರಾಗಿದೆ. ಜರ್ಮನಿಯಲ್ಲಿ ಅದು ಟ್ಯಾಕ್ಸಿಯಾಗಿ ಓಡುತ್ತಿತ್ತು. ಅದನ್ನು ಅಪರೂಪ ಅಂತ ಯಾರೂ ಕರೆಯುವುದಿಲ್ಲ. ನಿಮ್ಮ ಗೆಜೆಲ್ 1972ರಿಂದ 77ರ ತನಕ ಮದ್ರಾಸಿನಲ್ಲಿ ತಯಾರಾಯಿತು, ಅದೂ ಲೆಕ್ಕಕ್ಕೆ ಸಿಗುವಷ್ಟು ಮಾತ್ರ. ಉಳಿದಿರುವುದು ಇನ್ನೂ ಕಮ್ಮಿ. ಅಪರೂಪಕ್ಕೇ ಬೆಲೆ ಅನ್ನುವುದಾದರೆ ಆ ಬೆಂಜ್ ಮಾರಿದ ದುಡ್ಡಿನಲ್ಲಿ ನಿಮ್ಮ ಗೆಜೆಲ್‌ನ ಒಂದು ಬಾಗಿಲೂ ಬರಬಾರದಿತ್ತು, ಅಲ್ವಾ?

ನಮ್ಮ ಬೆಂಗಳೂರಿನದೇ ಇನ್ನೊಂದು ಉದಾಹರಣೆ ಹೇಳುತ್ತೇನೆ. ಸಿಪಾನಿ ಡಾಲ್ಫಿನ್ ನೆನಪಿದೆಯಾ? 1982ರ ಹೊತ್ತಿಗೆ ಬೆಂಗಳೂರಿನಲ್ಲೇ ತಯಾರಾಗಿ ರಸ್ತೆಗೆ ಬಂದ ಪುಟ್ಟ ಕಾರು. ಬ್ರಿಟನ್ನಿನ ರಿಲಯಂಟ್ ಕಿಟನ್ ಅದರ ಮೂಲ. 848 ಸಿಸಿ ಎಂಜಿನ್, ಮೈಯೆಲ್ಲ ಫೈಬರ್. ಅದಕ್ಕೂ ಮೊದಲು ಅದೇ ಕಂಪನಿ ಬಾದಲ್ ಅಂತ ಮೂರು ಚಕ್ರದ ಕಾರು ಮಾಡಿತ್ತು. ಡಾಲ್ಫಿನ್ ತುಂಬಾ ಹಗುರ. ಹಾಗಾಗಿ ಮದ್ರಾಸಿನ ಹತ್ತಿರದ ಶೋಳಾವರಂ ರೇಸ್‌ನವರು ಅದನ್ನು ಇಷ್ಟಪಟ್ಟರು. ಸಂಸಾರಸ್ಥರು ಇಷ್ಟಪಡಲಿಲ್ಲ. ಬಾಗಿಲು ಎರಡೇ, ಫೈಬರ್ ಮೈಗೆ ಏಟು ಬಿದ್ದರೆ ತಗ್ಗುವುದಿಲ್ಲ, ಸೀಳುತ್ತದೆ. ಟಿಂಕರಿಂಗ್ ಮೇಸ್ತ್ರಿ ಸುತ್ತಿಗೆ ಹಿಡಿದು ಬಂದರೆ ಅವನಿಗೆ ಅಲ್ಲಿ ಕೆಲಸವೇ ಇಲ್ಲ. ಮಾರನೇ ವರ್ಷವೇ ಮಾರುತಿ ಬಂತು. ಇವತ್ತು ಬೆಂಗಳೂರಿನಲ್ಲೇ ಹುಡುಕಿದರೂ ಡಾಲ್ಫಿನ್ ಕಣ್ಣಿಗೆ ಬೀಳುವುದು ಕಷ್ಟ. ಫೆರಾರಿಗಿಂತ ಅಪರೂಪ ಅಂತ ನಾವು ತಮಾಷೆ ಮಾಡುತ್ತೇವೆ. ಆದರೂ ‘ಡಾಲ್ಫಿನ್ ಇದ್ದರೆ ಹೇಳಿ, ಎಷ್ಟಾದರೂ ಕೊಡ್ತೀನಿ’ ಅಂತ ಇದುವರೆಗೆ ನನಗೆ ಯಾರೂ ಹೇಳಿಲ್ಲ.

ಹಾಗಾದರೆ ಬೆಲೆ ಕಟ್ಟುವವರು ಯಾರು? ನನ್ನ ಹತ್ತಿರ ಹಳೇ ಕಾರು ಕೇಳಿಕೊಂಡು ಬರುವವರಲ್ಲಿ ಮುಕ್ಕಾಲು ಪಾಲು ನಲವತ್ತೈದು ದಾಟಿದ ಗಂಡಸರು. ಮನೆ ಸಾಲ ತೀರಿರುತ್ತದೆ. ಮಕ್ಕಳ ಫೀಸಿನ ಗಲಾಟೆ ಮುಗಿದಿರುತ್ತದೆ. ಅವರಲ್ಲಿ ತಮ್ಮ ಮನೆಯಲ್ಲಿ ಇದ್ದ ಕಾರನ್ನು ಕೇಳುವವರು ಕಮ್ಮಿ. ಎದುರು ಮನೆಯಲ್ಲಿ ಇದ್ದ ಕಾರನ್ನು ಕೇಳುವವರೇ ಜಾಸ್ತಿ.

ಒಮ್ಮೆ ಒಬ್ಬರು ಕಂಟೆಸ್ಸಾ ನೋಡಲು ಬಂದರು. ಬಾನೆಟ್ ಎತ್ತಿಸಲಿಲ್ಲ. ಎಂಜಿನ್ ಸ್ಟಾರ್ಟ್ ಮಾಡಿ ಅನ್ನಲಿಲ್ಲ. ಕೆಳಗೆ ಬಗ್ಗಿ ತುಕ್ಕು ಕೂಡ ನೋಡಲಿಲ್ಲ. ನೇರ ಹೋಗಿ ಹಿಂದಿನ ಸೀಟಿನಲ್ಲಿ ಕೂತರು. ಕಿಟಕಿ ಗಾಜು ಇಳಿಸಿದರು, ಏರಿಸಿದರು, ಮತ್ತೆ ಇಳಿಸಿದರು. ಆಮೇಲೆ ಗೊತ್ತಾಯಿತು, ಅವರ ತಂದೆ ಎಸ್ಟೇಟ್ ಸಾಹುಕಾರರೊಬ್ಬರ ಮನೆಯಲ್ಲಿ ಡ್ರೈವರ್ ಆಗಿದ್ದರಂತೆ. ಕಾರು ತೊಳೆಯುವ ದಿನ ಮಾತ್ರ ಮಗನಿಗೆ ಹಿಂದೆ ಕೂರಲು ಬಿಡುತ್ತಿದ್ದರಂತೆ. ಅವತ್ತು ಅವರು ಚೌಕಾಸಿ ಮಾಡದೆ ಅಡ್ವಾನ್ಸ್ ಕೊಟ್ಟು ಹೋದರು.

ಕಾರಾಗಿ ನೋಡಿದರೆ ಕಂಟೆಸ್ಸಾ ಅಂಥಾ ದೊಡ್ಡ ಸಾಧನೆ ಏನಲ್ಲ. ಬ್ರಿಟನ್ನಿನ ವಾಕ್ಸಾಲ್ ಕಂಪನಿಯ ಎಪ್ಪತ್ತರ ದಶಕದ ಬಾಡಿ. 1984ರಲ್ಲಿ ಬಂದಾಗ ಅದರಲ್ಲಿ ಇದ್ದದ್ದು ಅಂಬಾಸಿಡರ್‌ನ ಅದೇ 1489 ಸಿಸಿ ಎಂಜಿನ್. ಅಷ್ಟು ದೊಡ್ಡ ದೇಹಕ್ಕೆ ಆ ಎಂಜಿನ್ ಅಂದರೆ ಆನೆಗೆ ಕುದುರೆ ಲಗಾಮು ಹಾಕಿದ ಹಾಗೆ. ಆಮೇಲೆ ಇಸುಝು ಎಂಜಿನ್ ಬಂದ ಮೇಲೆ ಸ್ವಲ್ಪ ಉಸಿರಾಡಿತು. 2002ಕ್ಕೆ ನಿಂತೂ ಹೋಯಿತು. ಆದರೆ ಸಿನಿಮಾದಲ್ಲಿ ವಿಲನ್ ಇಳಿಯುತ್ತಿದ್ದದ್ದು ಅದರಿಂದ. ಊರಿನ ದೊಡ್ಡ ಮನುಷ್ಯರು ಇಳಿಯುತ್ತಿದ್ದದ್ದೂ ಅದರಿಂದಲೇ. ಹುಡುಗರ ತಲೆಯಲ್ಲಿ ಅದು ಕೂತುಬಿಟ್ಟಿತು.

ಬೈಕಿನಲ್ಲೂ ಇದೇ ಕಥೆ. ಒಂದೇ ಕಂಪನಿಯ ಎರಡು ಬೈಕು ನೋಡಿ. ರಾಜದೂತ್ 175 ಹಾಲು ಹಾಕುವವರಿಂದ ಹಿಡಿದು ಮೇಷ್ಟ್ರ ತನಕ ಎಲ್ಲರೂ ಓಡಿಸಿದ ಗಾಡಿ. ರಾಜದೂತ್ 350, ಅಂದರೆ ಆರ್‌ಡಿ, 1983ರಲ್ಲಿ ಬಂತು. ಬೆಲೆ ಜಾಸ್ತಿ, ಪೆಟ್ರೋಲ್ ಕುಡಿಯುವುದೂ ಜಾಸ್ತಿ. ಅಂಗಡಿಯಲ್ಲಿ ಸೋತು ಕೆಲವೇ ವರ್ಷಕ್ಕೆ ನಿಂತಿತು. ಇವತ್ತು ಆರ್‌ಡಿಗೆ ಜನ ಮುಗಿಬೀಳುತ್ತಾರೆ. ಇಡೀ ಸಂಸಾರವನ್ನು ಹೊತ್ತು ತಿರುಗಿದ 175 ಹಿತ್ತಲಲ್ಲಿ ಕೋಳಿಗೆ ಗೂಡಾಗಿದೆ.

ಅವತ್ತು ಸೋತದ್ದು ಇವತ್ತು ಗೆಲ್ಲುವುದು ಹೊಸದೇನಲ್ಲ. ಫೆರಾರಿ 250 ಜಿಟಿಓ ಹೆಸರು ಕೇಳಿರಬಹುದು. 1962ರಿಂದ 64ರ ತನಕ ತಯಾರಾದದ್ದು ಬರೀ 36. ಹೊಸದರಲ್ಲಿ ಸುಮಾರು 18,000 ಡಾಲರ್. 2018ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಹರಾಜಿನಲ್ಲಿ ಒಂದು 4 ಕೋಟಿ 84 ಲಕ್ಷ ಡಾಲರ್‌ಗೆ ಹೋಯಿತು. ಆದರೆ ನನಗೆ ಇಷ್ಟವಾದ ಜಿಟಿಓ ಬೇರೆ. ಆ 36ರಲ್ಲಿ ಒಂದನ್ನು ಅದರ ಮಾಲೀಕರು ರೇಸ್ ಮುಗಿದ ಮೇಲೆ ಟೆಕ್ಸಾಸ್‌ನ ವಿಕ್ಟೋರಿಯಾ ಊರಿನ ಹೈಸ್ಕೂಲಿಗೆ ದಾನ ಕೊಟ್ಟುಬಿಟ್ಟರು. ಅಲ್ಲಿನ ಹುಡುಗರು ಅದರ ಮೇಲೆ ಮೆಕ್ಯಾನಿಕ್ ಕೆಲಸ ಕಲಿತರು. 1972ರಲ್ಲಿ ಶಾಲೆಯಿಂದ ಅದು 6,500 ಡಾಲರ್‌ಗೆ ಮಾರಾಟವಾಯಿತು. ಕೊಂಡವರು ಓಹಾಯೋದ ಒಂದು ಬಯಲಿನಲ್ಲಿ ಟ್ರೇಲರ್ ಮೇಲೆ ವರ್ಷಗಟ್ಟಲೆ ಬಿಸಿಲು ಮಳೆಗೆ ಬಿಟ್ಟರು. ನಿಮ್ಮ ಶೆಡ್ಡಿಗಾದರೂ ಸೂರಿದೆ. ಆ ಹೊತ್ತಿಗೆ ಜಿಟಿಓ ಅಂದರೆ ಹಳೇ ರೇಸ್ ಗಾಡಿ, ಅಷ್ಟೇ. ಅದನ್ನು ಹುಡುಗರಾಗಿದ್ದಾಗ ರೇಸ್‌ನಲ್ಲಿ ನೋಡಿದವರ ಕೈಗೆ ಇನ್ನೂ ದುಡ್ಡು ಬಂದಿರಲಿಲ್ಲ.

ರೇಸ್ ಗೆದ್ದರೆ ಕಾರಿಗೆ ಒಂದು ಕಥೆ ಹುಟ್ಟುತ್ತದೆ. ಇಂಥಾ ದಿನ, ಇಂಥಾ ಜಾಗದಲ್ಲಿ, ಇಂಥವರು ಓಡಿಸಿದರು ಅಂತ ಬರವಣಿಗೆಯಲ್ಲಿ ಇರುತ್ತದೆ. ಕೊಳ್ಳುವವನು ಆ ಕಥೆಗೂ ಸೇರಿಸಿ ದುಡ್ಡು ಕೊಡುತ್ತಾನೆ. ಮಿನಿ ಕಾರನ್ನೇ ತೆಗೆದುಕೊಳ್ಳಿ. 1959ರಿಂದ 2000ದ ತನಕ 53 ಲಕ್ಷ ತಯಾರಾಯಿತು. ಬಡ ಮಧ್ಯಮ ವರ್ಗದ ಕಾರು ಅಂತಲೇ ಹುಟ್ಟಿದ್ದು. ಅದರ ಕೂಪರ್ ಮಾದರಿ 1964, 65 ಮತ್ತು 67ರಲ್ಲಿ ಮಾಂಟೆ ಕಾರ್ಲೋ ರ‍್ಯಾಲಿ ಗೆದ್ದಿತು. ಅಲ್ಲಿಗೆ ಮಿನಿ ಕಥೆಯೇ ಬದಲಾಯಿತು. ರಾಜಕುಮಾರಿ ಡಯಾನಾ ಓಡಿಸುತ್ತಿದ್ದ ಕಪ್ಪು ಫೋರ್ಡ್ ಎಸ್ಕಾರ್ಟ್ ಆರ್‌ಎಸ್ ಟರ್ಬೊ 2022ರ ಹರಾಜಿನಲ್ಲಿ ಆರು ಲಕ್ಷ ಪೌಂಡ್ ದಾಟಿತು. ಅದೇ ಕಾಲದ ಸಾದಾ 1300 ಸಿಸಿ ಎಸ್ಕಾರ್ಟ್ ಓಡಿಸಿದ ಲಕ್ಷಾಂತರ ಗುಮಾಸ್ತರ ಕಾರುಗಳು ಎಲ್ಲಿ ಹೋದವು? ಸುಮ್ನೆ ಸವೆದು ಹೋದವು.

ಇಲ್ಲಿ ಒಂದು ಅನ್ಯಾಯದ ವಿಷಯ ಇದೆ. ಶ್ರೀಮಂತ ತಮ್ಮನಿಗೆ ಬಡ ಅಣ್ಣನೇ ಆಹಾರ ಆಗುತ್ತಾನೆ. ಸ್ಪೋರ್ಟ್ಸ್ ಮಾದರಿಗೆ ಬೆಲೆ ಏರಿದ ಕೂಡಲೇ ಸಾದಾ ಮಾದರಿಯ ಬಾಗಿಲು, ಗಾಜು, ಗೇರ್‌ಬಾಕ್ಸ್ ಬಿಚ್ಚಿ ಅದಕ್ಕೆ ಹಾಕುತ್ತಾರೆ. ಇಲ್ಲದಿದ್ದರೆ ಸಾದಾ ಕಾರಿಗೇ ವೇಷ ಹಾಕಿ ಸ್ಪೋರ್ಟ್ಸ್ ಅಂತ ಮಾಡುತ್ತಾರೆ. ನಿಮ್ಮ ಗೆಜೆಲ್‌ನ ದೊಡ್ಡಪ್ಪ ಟ್ರಯಂಫ್ ಹೆರಾಲ್ಡ್‌ಗೂ ಹೀಗೇ ಆಯಿತು. 1959ರಲ್ಲಿ ಬ್ರಿಟನ್ನಿನಲ್ಲಿ ಬಂದ ಕಾರು, ಗೆರೆ ಎಳೆದವರು ಇಟಲಿಯ ಜೊವಾನಿ ಮಿಕೆಲೊಟ್ಟಿ. ಅದರ ರೂಫು ಬೆಸುಗೆ ಹಾಕಿದ್ದಲ್ಲ, ಬೋಲ್ಟು ಹಾಕಿದ್ದು. ಬೋಲ್ಟು ಬಿಚ್ಚಿದರೆ ರೂಫು ಎತ್ತಿ ಪಕ್ಕಕ್ಕಿಡಬಹುದು. ಮೇಲೆ ಬಟ್ಟೆಯ ಹುಡ್ ಹಾಕಿದ ಹೆರಾಲ್ಡ್‌ಗೆ ಬೆಲೆ ಜಾಸ್ತಿ ಆದಾಗ ಬ್ರಿಟನ್ನಿನವರು ಎಷ್ಟೋ ಸಾದಾ ಹೆರಾಲ್ಡ್‌ಗಳ ತಲೆ ಬಿಚ್ಚಿ ಕನ್ವರ್ಟಿಬಲ್ ಮಾಡಿಕೊಂಡರು. ಹಾಗಾಗಿ ಸಂಸಾರದ ಹೆರಾಲ್ಡ್ ಇನ್ನೂ ಕಮ್ಮಿಯಾಯಿತು. ಅದೇ ಛಾಸಿಯನ್ನು ಗಿಡ್ಡ ಮಾಡಿ ಕಟ್ಟಿದ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರಿಗೆ ಮಾತ್ರ ಇವತ್ತಿಗೂ ಗಿರಾಕಿ ಇದ್ದಾರೆ.

ಈಗ ಗ್ಯಾರೇಜಿನ ಲೆಕ್ಕಕ್ಕೆ ಬರೋಣ. ಸಾದಾ ಕಾರುಗಳು ಸಾಯುವುದು ಇಲ್ಲೇ.

ಟಿಂಕರಿಂಗ್ ಮೇಸ್ತ್ರಿಯ ದಿನಗೂಲಿ ಬೆಂಜ್‌ಗೂ ಅಷ್ಟೇ, ಗೆಜೆಲ್‌ಗೂ ಅಷ್ಟೇ. ಪೇಂಟ್ ಡಬ್ಬಿಗೆ ಯಾವ ಕಾರಿನ ಮೇಲೆ ಕೂರುತ್ತಿದ್ದೇನೆ ಅಂತ ಗೊತ್ತಿಲ್ಲ. ಬಂಪರ್‌ಗೆ ಕ್ರೋಮ್ ಹಾಕಿಸುವುದು, ಸೀಟಿನ ರೆಕ್ಸಿನ್, ವೈರಿಂಗ್, ಟೈರು, ಎಲ್ಲ ಒಂದೇ ರೇಟು. ಲೆಕ್ಕಕ್ಕೆ ಸುಲಭ ಆಗಲಿ ಅಂತ ಒಟ್ಟು ಐದು ಲಕ್ಷ ಖರ್ಚು ಅಂದುಕೊಳ್ಳಿ. ರೆಡಿಯಾದ ಮೇಲೆ ಹತ್ತು ಲಕ್ಷ ಸಿಗುವ ಕಾರಿಗೆ ಮಾಲೀಕ ನಗುತ್ತಾ ಖರ್ಚು ಮಾಡುತ್ತಾನೆ. ಎರಡು ಲಕ್ಷ ಸಿಗುವ ಕಾರಿಗೆ ಮಾಡುವುದಿಲ್ಲ. ‘ಸದ್ಯಕ್ಕೆ ಓಡಿಸೋಕಾದ್ರೆ ಸಾಕು’ ಅನ್ನುತ್ತಾನೆ. ತುಕ್ಕಿನ ಮೇಲೆ ಪುಟ್ಟಿ ಮೆತ್ತುತ್ತಾರೆ. ಒರಿಜಿನಲ್ ಕಾರ್ಬ್ಯುರೇಟರ್ ಕೆಟ್ಟರೆ ಮಾರುತಿಯದ್ದು ತಂದು ಹೊಂದಿಸುತ್ತಾರೆ. ಸ್ಟಿಯರಿಂಗ್ ಬೇರೆ, ಕನ್ನಡಿ ಬೇರೆ, ಹಾರ್ನ್ ಲಾರಿಯದ್ದು. ಹತ್ತು ವರ್ಷದಲ್ಲಿ ಕಾರು ಅರ್ಧ ಗೆಜೆಲ್, ಅರ್ಧ ಬೆಂಗಳೂರಿನ ಬಿಡಿಭಾಗದ ಬೀದಿ ಜೆ.ಸಿ. ರೋಡ್ ಆಗಿರುತ್ತದೆ. ಆಗ ಬೆಲೆ ಇನ್ನೂ ಇಳಿಯುತ್ತದೆ. ಬೆಲೆ ಇಳಿದದ್ದಕ್ಕೆ ರಿಪೇರಿ ಇನ್ನೂ ಕಮ್ಮಿ. ಕೊನೆಗೆ ಶಿವಾಜಿನಗರದ ಗುಜರಿ.

ಬೆಂಜ್‌ನವರಿಗೆ ಈ ತಲೆನೋವು ಯಾಕಿಲ್ಲ ಅಂದರೆ ಆ ಕಂಪನಿ ಹಳೇ ಮಾಡೆಲ್‌ಗಳ ಬಿಡಿಭಾಗ ಈಗಲೂ ಕೊಡುತ್ತದೆ. 27 ಲಕ್ಷ ಕಾರು ರಸ್ತೆಗೆ ಬಿಟ್ಟ ಮೇಲೆ ಬಿಡಿಭಾಗಕ್ಕೂ ಒಂದು ದೊಡ್ಡ ವ್ಯಾಪಾರ ಇರುತ್ತದೆ. ಎದುರು ಮನೆಯವರ ಕಾರನ್ನು ಕೊಂಡವರಿಗೆ ಬಾಗಿಲಿನ ರಬ್ಬರ್ ಬೀಡಿಂಗ್ ಬೇಕಾದರೆ ಫೋನಿನಲ್ಲಿ ತರಿಸಿಕೊಳ್ಳುತ್ತಾರೆ. ನಿಮಗೆ ಗೆಜೆಲ್‌ನ ಮುಂದಿನ ಗ್ರಿಲ್ ಬೇಕಾದರೆ ಇನ್ನೊಂದು ಗೆಜೆಲ್ ಸಾಯಬೇಕು. ತುಂಬಾ ತಯಾರಾದದ್ದೇ ಬೆಂಜ್‌ಗೆ ಅನುಕೂಲ ಆಯಿತು, ಕಮ್ಮಿ ತಯಾರಾದದ್ದೇ ನಿಮ್ಮದಕ್ಕೆ ಮುಳುವಾಯಿತು.

ಇಷ್ಟಾದರೂ ಗೆಜೆಲ್ ವಿಷಯ ಸ್ವಲ್ಪ ವಿಚಿತ್ರ. ಯಾಕೆಂದರೆ ಅದರ ಹಿರಿಯಣ್ಣ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ, ಅಂದರೆ ಟ್ರಯಂಫ್ ಹೆರಾಲ್ಡ್‌ನ ನಮ್ಮ ದೇಶದ ರೂಪಕ್ಕೆ, ನಮ್ಮಲ್ಲಿ ಅಭಿಮಾನಿಗಳು ಇದ್ದಾರೆ. ಹೆರಾಲ್ಡ್ 1961ರಿಂದ ಹತ್ತು ವರ್ಷ ಮದ್ರಾಸಿನಲ್ಲಿ ತಯಾರಾಯಿತು. ಬಾನೆಟ್ ಮತ್ತು ಮಡ್‌ಗಾರ್ಡ್ ಒಂದೇ ತುಂಡು. ಹಿಡಿದು ಮುಂದಕ್ಕೆ ಎತ್ತಿದರೆ ಮೊಸಳೆ ಬಾಯಿ ತೆರೆದ ಹಾಗೆ ಇಡೀ ಮುಂಭಾಗ ಮೇಲೇಳುತ್ತದೆ. ಟೈರಿನ ಮೇಲೆ ಕೂತುಕೊಂಡೇ ಎಂಜಿನ್ ಕೆಲಸ ಮಾಡಬಹುದು. ಪಕ್ಕದ ಆಟೋಗೂ ಅಸೂಯೆ ಆಗುವಷ್ಟು ಸಣ್ಣ ಜಾಗದಲ್ಲಿ ತಿರುಗುತ್ತದೆ. ಕೊನೆಕೊನೆಗೆ ನಮ್ಮವರು ಅದಕ್ಕೆ ನಾಲ್ಕು ಬಾಗಿಲು ಇಟ್ಟರು. ನಾಲ್ಕು ಬಾಗಿಲಿನ ಹೆರಾಲ್ಡ್ ಅದರ ಹುಟ್ಟೂರಿನಲ್ಲೇ ಇರಲಿಲ್ಲ.

ಹೆರಾಲ್ಡ್‌ಗೆ ಒಂದು ಕೆಟ್ಟ ಹೆಸರಿತ್ತು, ಹಿಂದಿನ ಆಕ್ಸಲ್‌ದು. ಎರಡು ಹಿಂದಿನ ಚಕ್ರವೂ ಬೇರೆಬೇರೆಯಾಗಿ ಆಡುವ ವ್ಯವಸ್ಥೆ, ಅಡ್ಡಕ್ಕೆ ಹಾಕಿದ ಒಂದೇ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್). ಹಿಂದೆ ನಾಲ್ಕು ಜನ ಹತ್ತಿ ಡಿಕ್ಕಿಯಲ್ಲಿ ಎರಡು ಮೂಟೆ ಅಕ್ಕಿ ಹಾಕಿದರೆ ಚಕ್ರಗಳು ಕಾಲು ಅಗಲಿಸಿ ನಿಂತ ಎಮ್ಮೆಯ ಹಾಗೆ ಕಾಣುತ್ತಿದ್ದವು. ತಿರುವಿನಲ್ಲಿ ಜೋರಾಗಿ ಹೋದರೆ ಹಿಂಭಾಗ ಎಗರುತ್ತಿತ್ತು. ನಮ್ಮ ರಸ್ತೆಗೆ, ನಮ್ಮ ಲೋಡಿಗೆ, ನಮ್ಮ ಮೆಕ್ಯಾನಿಕ್‌ಗಳಿಗೆ ಅದು ಹಿಡಿಸಲಿಲ್ಲ. ಹಾಗಾಗಿ ಗೆಜೆಲ್ ಮಾಡುವಾಗ ಅದನ್ನು ಕಿತ್ತು ಲಾರಿಗಳ ಹಾಗೆ ಒಂದೇ ಗಟ್ಟಿ ಆಕ್ಸಲ್ ಹಾಕಿದರು. ಎಂಜಿನ್ ಅದೇ 948 ಸಿಸಿ. ಮುಖಕ್ಕೆ ಸ್ವಲ್ಪ ಹೊಸ ಮೇಕಪ್.

ಅಂದರೆ ನಿಮ್ಮ ತಂದೆಯವರದ್ದು ಹೆರಾಲ್ಡ್‌ಗಿಂತ ಬುದ್ಧಿವಂತ ಕಾರು. ಮಲೆನಾಡಿನ ತಿರುವಿಗೆ ಹೆರಾಲ್ಡ್‌ಗಿಂತ ಅದೇ ಸರಿ. ಆದರೆ ಸಂಗ್ರಹಕಾರರಿಗೆ ಬೇಕಾದದ್ದು ಆ ಎಗರುವ ಹೆರಾಲ್ಡೇ. ಅವರು ಅದರಲ್ಲಿ ಅಕ್ಕಿ ಮೂಟೆ ಹಾಕುವುದಿಲ್ಲವಲ್ಲ. ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕ್ ಸುತ್ತ ಒಂದು ರೌಂಡ್ ಹಾಕಿ ಫೋಟೋ ತೆಗೆಸಿಕೊಳ್ಳುತ್ತಾರೆ. ಫೋಟೋದಲ್ಲಿ ಮಿಕೆಲೊಟ್ಟಿ ಎಳೆದ ಗೆರೆ ಕಾಣುತ್ತದೆ, ಆಕ್ಸಲ್ ಕಾಣುವುದಿಲ್ಲ. ದಿನಾ ಓಡಿಸುವವನಿಗೆ ಬೇಕಾದ ಗುಣ ಬೇರೆ, ವಾರಕ್ಕೊಮ್ಮೆ ಹೊರಗೆ ತೆಗೆಯುವವನಿಗೆ ಬೇಕಾದದ್ದು ಬೇರೆ. ಸಾದಾ ಕಾರುಗಳೆಲ್ಲ ಮೊದಲನೆಯದಕ್ಕೆ ಹುಟ್ಟಿದವು.

ಜೊತೆಗೆ ಆ ಕಾಲ ನೆನಪಿಸಿಕೊಳ್ಳಿ. ಎಪ್ಪತ್ತರ ದಶಕದಲ್ಲಿ ನಮಗೆ ಇದ್ದದ್ದೇ ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕು. ಸಿಕ್ಕಿದ ಕಾರೇ ನಮ್ಮ ಕಾರು. ಗೆಜೆಲ್ ಆಸೆಪಟ್ಟು ಕೊಂಡವರಿಗಿಂತ ಸಿಕ್ಕಿತು ಅಂತ ಕೊಂಡವರೇ ಜಾಸ್ತಿ ಇರಬೇಕು. ಅದನ್ನು ನೋಡಿ ಆಸೆಪಟ್ಟ ಹುಡುಗನೊಬ್ಬ ಇದ್ದಿದ್ದರೆ ಅವನಿಗೆ ಈಗ ಅರವತ್ತೈದು ದಾಟಿದೆ. ಮಂಡಿ ನೋವು ಬೇರೆ ಇರುತ್ತದೆ.

ಹಾಗಂತ ಸಾದಾ ಕಾರಿನ ಕಾಲ ಬರುವುದೇ ಇಲ್ಲ ಅಂತಲ್ಲ. ತುಂಬಾ ತಡವಾಗಿ ಬರುತ್ತದೆ. ಮಾರುತಿ 800 ನೋಡಿ. 1983ರ ಡಿಸೆಂಬರ್ 14ಕ್ಕೆ ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀ ಕೊಟ್ಟರು. ಬೆಲೆ 47,500 ರೂಪಾಯಿ. 2014ರ ಜನವರಿಗೆ ನಿಲ್ಲುವ ಹೊತ್ತಿಗೆ 25 ಲಕ್ಷಕ್ಕೂ ಹೆಚ್ಚು ತಯಾರಾಗಿತ್ತು. ಅಷ್ಟು ಇತ್ತಲ್ಲ, ಹಾಗಾಗಿ ಯಾರೂ ಜೋಪಾನ ಮಾಡಲಿಲ್ಲ. ಡ್ರೈವಿಂಗ್ ಸ್ಕೂಲಿಗೆ ಕೊಟ್ಟರು, ತರಕಾರಿ ಹೇರಿದರು, ತುಕ್ಕು ಹಿಡಿದಾಗ ಬಿಸಾಕಿದರು. ಈಗ ಮೊದಲ ಎರಡು ಮೂರು ವರ್ಷದ, ಎಸ್‌ಎಸ್ 80 ಅಂತ ಕರೆಯುವ ಹಳೇ ಆಕಾರದ ಮಾರುತಿಗೆ ಜನ ಹುಡುಕುತ್ತಾರೆ. ಹುಡುಕುವವರು ಯಾರು? ಅದರ ಹಿಂದಿನ ಸೀಟಿನಲ್ಲಿ ಅಜ್ಜಿ ತೊಡೆ ಮೇಲೆ ಕೂತು ತಿರುಪತಿಗೆ ಹೋಗಿಬಂದವರು. ‘ಎದುರು ಮನೆ ಕಾರು’ ಅಂತ ಆಗ ಹೇಳಿದೆನಲ್ಲ, ಮಾರುತಿ ವಿಷಯದಲ್ಲಿ ಆ ಮಾತು ಪೂರ್ತಿ ನಿಲ್ಲುವುದಿಲ್ಲ. ಒಪ್ಪಿಕೊಳ್ಳುತ್ತೇನೆ. ದೇಶದ ಎಷ್ಟೋ ಮನೆಗಳಿಗೆ ಬಂದ ಮೊದಲ ಕಾರು ಅದು. ಆ ಲೆಕ್ಕವೇ ಬೇರೆ.

ಅಂಬಾಸಿಡರ್‌ಗೂ ಅಷ್ಟೇ. 2014ರ ಮೇನಲ್ಲಿ ಉತ್ತರಪಾರಾ ಫ್ಯಾಕ್ಟರಿ ನಿಂತ ಮೇಲೆ ಜನಕ್ಕೆ ಪ್ರೀತಿ ಉಕ್ಕಿತು. ಅದೂ ಎಲ್ಲ ಅಂಬಾಸಿಡರ್ ಮೇಲಲ್ಲ. ಮಾರ್ಕ್ 1, ಮಾರ್ಕ್ 2 ಇದ್ದರೆ ಕಣ್ಣರಳಿಸುತ್ತಾರೆ. ತೊಂಬತ್ತರ ದಶಕದ ಡೀಸೆಲ್ ಗಾಡಿ ತೋರಿಸಿದರೆ ‘ನೋಡೋಣ ಬಿಡಿ’ ಅನ್ನುತ್ತಾರೆ. ಮುಂಬೈಯ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ಕೊನೆಯ ಬಾರಿಗೆ ರಸ್ತೆಯಿಂದ ಇಳಿದಾಗ ಊರಿಗೆ ಊರೇ ಕಣ್ಣೀರು ಹಾಕಿತು. ಅದಕ್ಕೂ ಹಿಂದಿನ ವರ್ಷ ಅದೇ ಟ್ಯಾಕ್ಸಿಯ ಡಿಕ್ಕಿ ಬಾಗಿಲು ಸರಿಯಾಗಿ ಮುಚ್ಚಲ್ಲ ಅಂತ ಬೈದವರೂ ಅವರೇ ಇರಬೇಕು.

ಬ್ರಿಟನ್ನಿನವರು ಇದಕ್ಕೆ ಒಂದು ಜಾತ್ರೆಯನ್ನೇ ಮಾಡಿಕೊಂಡಿದ್ದಾರೆ. 2014ರಿಂದ ಹ್ಯಾಗರ್ಟಿ ಅನ್ನುವ ವಿಮಾ ಕಂಪನಿ ಅಲ್ಲಿ ‘ಏನೂ ವಿಶೇಷ ಇಲ್ಲದ’ ಕಾರುಗಳ ಮೇಳ ನಡೆಸುತ್ತದೆ. ಅಲ್ಲಿ ಫೆರಾರಿ ತಂದರೆ ಯಾರೂ ತಿರುಗಿ ನೋಡುವುದಿಲ್ಲ. ಅತಿ ಕಮ್ಮಿ ಬೆಲೆಯ ಮಾಡೆಲ್, ರೇಡಿಯೋ ಕೂಡ ಇಲ್ಲದ್ದು, ಕಂದು ಬಣ್ಣದ್ದು, ಆದರೆ ಕಂಪನಿಯಿಂದ ಬಂದ ಹಾಗೇ ಇರುವಂಥದ್ದು ಬಂದರೆ ಜನ ಸುತ್ತ ನಿಲ್ಲುತ್ತಾರೆ. ಯಾಕೆಂದರೆ ಅಂಥದ್ದು ಉಳಿದೇ ಇಲ್ಲ. ಮಾರಿಸ್ ಮರೀನಾ ಅಂತ ಒಂದು ಕಾರು 1971ರಿಂದ 80ರ ತನಕ ಎಂಟು ಲಕ್ಷಕ್ಕೂ ಹೆಚ್ಚು ತಯಾರಾಗಿತ್ತು. ಇವತ್ತು ಅಲ್ಲಿನ ರಸ್ತೆಯಲ್ಲಿ ಓಡುವುದು ಕೆಲವೇ ನೂರು.

ನಿಮ್ಮ ಗೆಜೆಲ್‌ಗೆ ಅಂಥಾ ದಿನ ಬರುತ್ತದೆಯೇ? ಬೆಂಜ್ ದುಡ್ಡು ಯಾವತ್ತೂ ಬರುವುದಿಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಅದನ್ನು ಹೂಡಿಕೆ ಅಂತ ನೋಡಬೇಡಿ. ನೋಡಿದರೆ ಭಾವನವರ ಮಾತೇ ಸರಿ. ಆದರೆ ಪೂರ್ತಿ ಇರುವ, ಕಂಪನಿಯಿಂದ ಬಂದ ಹಾಗೇ ಇರುವ, ಒಂದೇ ಮನೆಯಲ್ಲಿ ಇದ್ದ ಗೆಜೆಲ್ ಅಂದರೆ ಅದನ್ನು ಬಯಸುವ ಹತ್ತಿಪ್ಪತ್ತು ಜನ ಈ ದೇಶದಲ್ಲಿ ಖಂಡಿತ ಇದ್ದಾರೆ. ಅವರು ಗುಜರಿಯವನಿಗಿಂತ ಎಷ್ಟೋ ಪಟ್ಟು ಜಾಸ್ತಿ ಕೊಡುತ್ತಾರೆ. ಅವರಿಗೆ ನೀವು, ನಿಮಗೆ ಅವರು ಸಿಗಬೇಕು, ಅಷ್ಟೇ. ಹಳೇ ಕಾರುಗಳ ಮೇಳ ನಡೆದಾಗ ಬೆಂಗಳೂರಿಗೋ ಮೈಸೂರಿಗೋ ಒಂದು ಫೋಟೋ ಹಿಡಿದು ಬನ್ನಿ. ಬಂದಾಗ ಶ್ರೀರಂಗಪಟ್ಟಣದ ಹತ್ತಿರ ಇರುವ ಧರ್ಮಸ್ಥಳದವರ ‘ಪಯಣ’ ಕಾರ್ ಮ್ಯೂಸಿಯಂ ನೋಡಿ. ಕಾರನ್ನು ಹೇಗೆ ಇಟ್ಟುಕೊಳ್ಳಬೇಕು ಅನ್ನುವುದು ಅಲ್ಲಿ ಕಣ್ಣಾರೆ ಗೊತ್ತಾಗುತ್ತದೆ.

ಅದಕ್ಕಿಂತ ಮೊದಲು ಕಾಗದಪತ್ರ. ಆರ್‌ಸಿ ಪುಸ್ತಕ ಹುಡುಕಿ. ಎಂವೈ ಅಂತ ಶುರುವಾಗುವ ಹಳೇ ನಂಬರ್ ಇದ್ದರೆ ಆ ಪ್ಲೇಟನ್ನು ಬಿಸಾಕಬೇಡಿ. ಆರ್‌ಸಿ ಅಪ್ಪನ ಹೆಸರಿನಲ್ಲಿದೆ, ಅವರು ಈಗಿಲ್ಲ. ಹಾಗಾಗಿ ವಾರಸುದಾರರ ಹೆಸರಿಗೆ ಬದಲಾಯಿಸಲು ಆರ್‌ಟಿಓದಲ್ಲಿ ಫಾರಂ 31 ಕೊಡಬೇಕು. ಅಕ್ಕ ತಂಗಿಯರು ಇದ್ದರೆ ಅವರ ಒಪ್ಪಿಗೆಯೂ ಬೇಕಾಗುತ್ತದೆ, ಈಗಲೇ ಮಾತಾಡಿಕೊಳ್ಳಿ. ಆರ್‌ಸಿ ಇಲ್ಲದ ಹಳೇ ಕಾರು ಎಷ್ಟು ಚೆನ್ನಾಗಿದ್ದರೂ ಬಿಡಿಭಾಗದ ಲೆಕ್ಕಕ್ಕೇ ಹೋಗುತ್ತದೆ. ನಾನು ಒಮ್ಮೆ ಕಾಗದ ನೋಡದೆ ಒಂದು ಫಿಯೆಟ್ ಎಳೆದುಕೊಂಡು ಬಂದು ಕೈ ಸುಟ್ಟುಕೊಂಡಿದ್ದೇನೆ.

2021ರಲ್ಲಿ ಕೇಂದ್ರ ಸರ್ಕಾರ ಹಳೇ ವಾಹನಗಳಿಗೆ ಬೇರೆ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಛಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಅಂಥ ಗಾಡಿಗೆ ‘ವಿಎ’ ಅಕ್ಷರ ಇರುವ ವಿಂಟೇಜ್ ನಂಬರ್ ಕೊಡುತ್ತಾರೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತದೆ. ದಿನಾ ಓಡಿಸಲು ಅಥವಾ ಬಾಡಿಗೆಗೆ ಬಿಡಲು ಆಗುವುದಿಲ್ಲ. ಮೇಳ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಅಂತ ಹೊರಗೆ ತೆಗೆಯಬಹುದು. ನಿಮ್ಮದು 1974ರದ್ದು, ಐವತ್ತು ದಾಟಿತು. ಈ ಒಂದು ವಿಷಯದಲ್ಲಿ ಎದುರು ಮನೆ ಬೆಂಜ್ ಇನ್ನೂ ಹುಡುಗ.

ಕಾರಿನ ವಿಷಯಕ್ಕೆ ಬಂದರೆ, ದಯವಿಟ್ಟು ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಲು ಹೋಗಬೇಡಿ. ತಳ್ಳಿಯೂ ಸ್ಟಾರ್ಟ್ ಮಾಡಬೇಡಿ. ಆರು ವರ್ಷ ನಿಂತ ಎಂಜಿನ್‌ನಲ್ಲಿ ಪಿಸ್ಟನ್ ರಿಂಗ್‌ಗಳು ಅಂಟಿಕೊಂಡಿರಬಹುದು. ನಾಲ್ಕೂ ಪ್ಲಗ್ ಬಿಚ್ಚಿ ಪ್ರತಿ ತೂತಿಗೂ ಒಂದೆರಡು ಚಮಚ ಎಂಜಿನ್ ಆಯಿಲ್ ಹಾಕಿ ಎರಡು ದಿನ ಬಿಡಿ. ಆಮೇಲೆ ಗೇರು ನ್ಯೂಟ್ರಲ್‌ನಲ್ಲಿಟ್ಟು ಮುಂದಿನ ಪುಲ್ಲಿಗೆ ಪಾನ ಹಾಕಿ ಕೈಯಲ್ಲೇ ಮೆಲ್ಲಗೆ ತಿರುಗಿಸಿ. ತಿರುಗಿದರೆ ಅರ್ಧ ಗೆದ್ದ ಹಾಗೆ. ತಿರುಗದಿದ್ದರೆ ಬಲ ಹಾಕಬೇಡಿ. ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ಇಳಿಸಿ. ಕಾರನ್ನು ಮರದ ದಿಮ್ಮಿ ಮೇಲೆ ಎತ್ತಿ ನಿಲ್ಲಿಸಿ, ಟೈರಿನ ಮೇಲೆ ಭಾರ ಬೇಡ. ಪ್ಲಾಸ್ಟಿಕ್ ಟಾರ್ಪಾಲ್ ಮೈಗೆ ಅಂಟುವ ಹಾಗೆ ಹೊದಿಸಬೇಡಿ. ನಿಮ್ಮ ಕಡೆಯ ಮಳೆಗಾಲದಲ್ಲಿ ಅದರ ಕೆಳಗೆ ಬೆವರು ಕೂತು ಬಾಡಿ ಒಳಗೊಳಗೇ ಕೊಳೆಯುತ್ತದೆ. ಹಳೇ ಹತ್ತಿ ಬೆಡ್‌ಶೀಟು ಸಾಕು. ಕಾಫಿ ಕಣದ ಪಕ್ಕ ಅಂದಿರಿ, ಇಲಿ ಇದ್ದೇ ಇರುತ್ತದೆ. ಸೀಟಿನ ಕೆಳಗೆ, ಡ್ಯಾಶ್‌ಬೋರ್ಡ್ ಹಿಂದೆ ಗೂಡು ಇದೆಯಾ ನೋಡಿ. ವೈರ್ ಕಡಿದಿದ್ದರೆ ಪರವಾಗಿಲ್ಲ, ಅದನ್ನು ಹೊಸದಾಗಿ ಎಳೆಸಬಹುದು.

ಎಂಜಿನ್ ಬಗ್ಗೆ ಜಾಸ್ತಿ ಚಿಂತೆ ಬೇಡ. ಅದು ಹೆರಾಲ್ಡ್‌ದೇ, ಬಿಡಿಭಾಗ ಬ್ರಿಟನ್ನಿನಿಂದ ಈಗಲೂ ತರಿಸಬಹುದು. ಭಯ ಇರುವುದು ಗೆಜೆಲ್‌ಗೆ ಮಾತ್ರ ಸೇರಿದ ಸಣ್ಣಪುಟ್ಟ ಸಾಮಾನುಗಳ ಬಗ್ಗೆ. ಮುಂದಿನ ಗ್ರಿಲ್, ಹೆಸರಿನ ಬ್ಯಾಡ್ಜ್, ಹಿಂದಿನ ಲೈಟಿನ ಗಾಜು. ಇವು ಪೂರ್ತಿ ಇದ್ದರೆ ಇವತ್ತೇ ಬಿಚ್ಚಿ, ಹಳೇ ಪಂಚೆಯಲ್ಲಿ ಸುತ್ತಿ, ಮನೆ ಒಳಗೆ ಬೀರುವಿನಲ್ಲಿ ಇಡಿ. ಮಕ್ಕಳು ಆಟಕ್ಕೆ ತೆಗೆದುಕೊಂಡು ಹೋಗದ ಕಡೆ. ಸ್ಕ್ರೂಗಳನ್ನು ಬೇರೆಬೇರೆ ಚೀಟಿ ಬರೆದು ಡಬ್ಬಿಯಲ್ಲಿ ಹಾಕಿ. ಆ ಮೂರು ಸಾಮಾನು ಇದೆಯೋ ಇಲ್ಲವೋ ಅಂತ ನೋಡಿ ನನಗೆ ಇನ್ನೊಮ್ಮೆ ಬರೆಯಿರಿ. ಕಾರನ್ನು ಮಾರುವುದಾ, ಎಬ್ಬಿಸುವುದಾ ಅಂತ ಆಮೇಲೆ ಕೂತು ಮಾತಾಡೋಣ.